ಕರಗದ ಉಂಗುರ

ಮುಂಬೈಯಲ್ಲಿದ್ದ ಅಣ್ಣ ನನ್ನ ಮದುವೆಗೆ ಪ್ಲಾಟಿನಂ ಉಂಗುರ ಕೊಟ್ಟಿದ್ದ. ಎಷ್ಟು ಮುಸುರೆ ತಿಕ್ಕಿದರೂ ಕಪ್ಪಾಗದ ಅದರ ಬಿಳುಪು ನನಗೆ ಬಂಗಾರಕ್ಕಿಂತ ಹೆಚ್ಚು ಹಿಡಿಸಿತ್ತು. ತಾಳಿಕೋಟೆಯ ನನ್ನ ಅತ್ತೆ ಮಾತ್ರ ಅದನ್ನು ಬೆಳ್ಳಿಯೆಂದೇ ತಿಳಿದರು.

"ಬೆಳ್ಳಿ ಕಾಲಿಗಿ ಹಾಕೋದು, ಕೈಗಲ್ಲ," ಎಂದವರೇ ಕರಗಿಸಿ ಕಾಲುಂಗುರ ಮಾಡಿಸಲು ಪತ್ತಾರನ ಅಂಗಡಿಗೆ ಒಯ್ದರು. ಬೆಳ್ಳಿಗಿಂತ ಎಷ್ಟೋ ತುಟ್ಟಿ ಎಂದು ನಾನು ಹೇಳಿದರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗಿದೆ. ಒಲೆಯ ಮೇಲಿದ್ದ ಬೇಳೆ ತಳ ಹಿಡಿಯಿತು. ಬರಿದಾದ ಬೆರಳನ್ನು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡೆ.

ಸಂಜೆ ಅತ್ತೆ ಬಂದು ಉಂಗುರವನ್ನು ನನ್ನ ಉಡಿಗೆ ಎಸೆದರು.

"ಪತ್ತಾರ ಊದಿ ಊದಿ ಸಾಕಾದ. ಬೆಳ್ಳಿ ಬಂಗಾರ ಕರಗೋ ಬೆಂಕ್ಯಾಗೂ ಇದು ಕರಗವಲ್ದು. ನಿನ್ನಂಗ ಐತಿ, ನೀನ ಹಾಕ್ಕೋ."

ಹಾಕಿಕೊಂಡೆ. ಉಂಗುರ ಇನ್ನೂ ಬೆಚ್ಚಗಿತ್ತು.