‘ನನ್ನದೇ ತಪ್ಪು’ ಎಂದ ಖಾರ್ವಿ

ಬೆಳಕು ಇನ್ನೂ ಹರಿದಿಲ್ಲ. ನ್ಯೂಯಾರ್ಕಿನ ಬೆಲ್‌ರೋಸ್‌ನ ದಿನಸಿ ಅಂಗಡಿಯೊಂದರ ಹಿಂಬಾಗಿಲಿಗೆ ಟ್ರಕ್ ಬಂದು ನಿಂತಿದೆ. ಮಾಧವ ಖಾರ್ವಿ ಈರುಳ್ಳಿ ಚೀಲವನ್ನು ಎಡಗೈಯಿಂದ ಸೆಳೆದು, ಬಲ ಮೊಣಕೈ ಆಸರೆ ಕೊಟ್ಟು ಹೆಗಲಿಗೇರಿಸುತ್ತಾರೆ. ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ.

“ಹುಷಾರು ಖಾರ್ವಿಯವ್ರೇ,” ಮಾಲೀಕ ಶ್ರೀನಿ ಕೆಣಕುತ್ತಾರೆ. “ಬಿದ್ದುಗಿದ್ದು ನನ್ ಮೇಲೂ ಕೇಸ್ ಹಾಕ್ಬಿಟ್ಟೀರ.”

“ಇಲ್ಲ ಮಾರಾಯ್ರೆ. ಬಿದ್ರೆ ನಂದೇ ತಪ್ಪು ಅಂತೇನೆ. ಅದು ಅಭ್ಯಾಸ ಉಂಟಲ್ಲ ನಂಗೆ.”

ಶ್ರೀನಿ ನಗುತ್ತಾರೆ. ಖಾರ್ವಿ ನಗುವುದಿಲ್ಲ.

ಗಂಗೊಳ್ಳಿಯ ಮೀನುಗಾರ ಮನೆತನದ ಈ ಮನುಷ್ಯ ನ್ಯೂಜೆರ್ಸಿ ಬಂದರಿನ ಟಗ್‌ಬೋಟಿನಲ್ಲಿ, ದೊಡ್ಡ ಹಡಗುಗಳನ್ನು ಎಳೆದು ದಡ ಸೇರಿಸುವ ಆ ಗಟ್ಟಿ ದೋಣಿಯಲ್ಲಿ, ವರ್ಷಗಟ್ಟಲೆ ಹಗ್ಗದ ಕೆಲಸ ಮಾಡಿದವರು. ಎರಡು ವರ್ಷದ ಹಿಂದೆ ಹಗ್ಗ ತುಂಡಾಗಿ ಬೆರಳುಗಳು ಹೋದವು. ಕಂಪನಿಯವರು ಆಸ್ಪತ್ರೆಗೇ ಬಂದು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತ, ಹೇಗಾಯಿತೆಂದು ಕೇಳಿದರು. ನನ್ನದೇ ತಪ್ಪು, ಇಡಬಾರದ ಕಡೆ ಕೈ ಇಟ್ಟೆ ಎಂದರು ಖಾರ್ವಿ.

ಅದು ಅವರು ಬೆಳೆದ ದೋಣಿಗಳ ರೀತಿ. ಗಾಯವಾದವನು ದೋಣಿ ನಡೆಸುವ ತಾಂಡೇಲನನ್ನು ದೂರುವುದಿಲ್ಲ. ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ಅವನ ಮನೆಯನ್ನು ತಾಂಡೇಲ ನೋಡಿಕೊಳ್ಳುತ್ತಾನೆ.

ಇಲ್ಲಿ ನೋಡಿಕೊಳ್ಳಲು ಕಾನೂನಿದೆ. ತಪ್ಪು ಯಾರದೇ ಇರಲಿ, ಗಾಯಗೊಂಡ ನಾವಿಕನ ಚಿಕಿತ್ಸೆ ಕಂಪನಿಯ ಹೊಣೆ. ಕೈ ಇನ್ನು ಸುಧಾರಿಸದೆಂದು ವೈದ್ಯರು ಹೇಳಿದ ಮೇಲೆ ಅದೂ ನಿಂತಿತು. ಕಳೆದುಹೋದ ದುಡಿಮೆಗೆ ಪರಿಹಾರ ಬೇಕಾದರೆ ಟಗ್‌ಬೋಟಿನವರ ತಪ್ಪನ್ನು ತೋರಿಸಬೇಕು. ಖಾರ್ವಿ ಕೇಸ್ ಹಾಕಿದರು.

“ಅಂಕಲ್, ಈಗ ಆ ರೆಕಾರ್ಡಿಂಗ್‌ನಲ್ಲಿರೋ ನಿಮ್ ವಾಯ್ಸೇ ಕಂಪನಿಯವ್ರಿಗೆ ಬೆಸ್ಟ್ ಎವಿಡೆನ್ಸ್,” ಎಂದರಂತೆ ಅವರ ಪರ ವಕೀಲೆ ಅವನಿ. “ಹಗ್ಗ ಸವೆದಿದೆ ಅಂತ ಮೊದ್ಲೇ ಯಾರಿಗಾದ್ರೂ ಹೇಳಿದ್ರಾ?”

ಟಗ್‌ಬೋಟಿನ ಕ್ಯಾಪ್ಟನ್‌ಗೆ ಹೇಳಿದ್ದರು, ಹಿಂದಿನ ದಿನವೇ. ಬಳಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕಳೆದ ತಿಂಗಳು ಪ್ರಮಾಣ ಮಾಡಿ ಕ್ಯಾಪ್ಟನ್ ಅಂದದ್ದು ಇಷ್ಟೇ: ನೆನಪಿಲ್ಲ.

“ಸುಳ್ಳು ಹೇಳಿದ್ರೆ ಜಗಳಾದ್ರೂ ಮಾಡ್ಬಹುದಿತ್ತು,” ಎನ್ನುತ್ತಾರೆ ಖಾರ್ವಿ. “ನೆನಪಿಲ್ಲ ಅಂದವ್ರ ಹತ್ರ ಎಂತ ಮಾಡುದು?”

ಮುಂದಿನ ವಾರ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಸರದಿ ಅವರದು. ಗೆಲ್ಲುವ ಭರವಸೆ ಇದೆಯೇ ಎಂದರೆ, ಇನ್ನೊಂದು ಚೀಲ ಇಳಿಸಿ ಬರುತ್ತಾರೆ.

“ಗೆಲ್ಲುದು ಬಿಡಿ. ಕ್ಯಾಪ್ಟನ್ ಎದುರಿಗೇ ಕೂತಿರ್ತಾರಂತೆ. ಅವ್ರ ಮುಖ ನೋಡಿ ಒಂದು ಹೇಳ್ಬೇಕು. ಅವತ್ತು ನಿಮ್ಮನ್ನ ಉಳಿಸಿದ್ದು ನಾನು. ಇವತ್ತು ಉಳಿಸುದಿಲ್ಲ.”