ಮಗಳು ನನಗೆ ‘ಹೀ’ ಅಂದ ದಿನ

“ಇವರು ಯಾರು? ಇಂಗ್ಲಿಷಿನ್ಯಾಗ ಹೇಳವ್ವಾ,” ಎಂದು ಕಲಬುರಗಿಯ ಶಾಲೆಯ ಮೇಡಂ ನನ್ನತ್ತ ಕೈ ತೋರಿಸಿದರು. ಮೂರನೇ ಇಯತ್ತೆಯ ಸೀಟು ಈ ಉತ್ತರದ ಮೇಲಿತ್ತು.

“ದೇ ಆರ್ ಮೈ ಫಾದರ್,” ಎಂದಳು ಮಗಳು.

“ಒಬ್ಬರಿದ್ರ ‘ಹೀ’ ಅನಬೇಕು. ಇನ್ನೊಮ್ಮೆ ಹೇಳು.”

ಅವಳು ಒಲ್ಲೆ ಎಂದು ತಲೆಯಲ್ಲಾಡಿಸಿದಳು. ಮೇಡಂ ಪೆನ್ನು ಕೆಳಗಿಟ್ಟರು. ಸಣ್ಣವನಿದ್ದಾಗಲೇ ಶಾಲೆ ಬಿಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದ ನನಗೆ ಯಾವುದು ಸರಿಯೋ ತಿಳಿಯಲಿಲ್ಲ.

“‘ಹೀ’ ಅಂದ್ರ ‘ಅವ’ ಆಗ್ತದ್ರೀ. ಅಪ್ಪಗ ‘ಅವ’ ಅನಬಾರ್ದ್ರೀ, ‘ಅವ್ರು’ ಅನಬೇಕು,” ಎಂದಳು ಮಗಳು ಮೇಡಂಗೆ.

ಹಾಗೆ ಕಲಿಸಿದವನು ನಾನೇ. “ಅನ್ನವ್ವಾ, ನಾ ಸಿಟ್ಟಾಗಂಗಿಲ್ಲ,” ಎಂದೆ. ಅವಳು ನೆಲ ನೋಡುತ್ತ ಮೆಲ್ಲಗೆ “ಹೀ ಈಸ್ ಮೈ ಫಾದರ್” ಅಂದಳು.

ಸೀಟು ಸಿಕ್ಕಿತು. ನಮ್ಮೂರು ಕಮಲಾಪುರಕ್ಕೆ ಮರಳುವಾಗ ಬಸ್ಸಿನಲ್ಲಿ ಅವಳು ನನ್ನ ಕೈ ಬಿಡಲಿಲ್ಲ. ಈಗಲೂ ಓದುವಾಗ ‘ಹೀ’ ಬಂದರೆ ಒಮ್ಮೆ ನನ್ನ ಮುಖ ನೋಡುತ್ತಾಳೆ. ನಾನು ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಓದುತ್ತಾಳೆ.