ಒಂದೇ ಸಲ ಕೇಳಿದ ಚಹಾ

ನೀನೂ ಅದನ್ನೇ ಕೇಳಬೇಕೆ? ಊರವರೆಲ್ಲ ಕೇಳಿ ಮುಗಿಸಿದರು, ಈಗ ನಿನ್ನ ಪಾಳಿ. ಹೌದು, ಕಾಶಿಬಾಯಿ ನಮ್ಮ ತರನ್ನುಮಳ ಮೇಲೆ ಮುನಿಸಿಕೊಂಡಿದ್ದು ನಿಜ. ಬರೀ ಒಂದು ಕಪ್ಪು ಚಹಾದ ಸಲುವಾಗಿ. ನಗಬೇಡ, ಕೇಳು. ತರನ್ನುಮ ಮರಳಿ ಜರ್ಮನಿಗೆ ಹೊರಡಲು ಎರಡೇ ದಿನ ಉಳಿದಿದ್ದವು. ಬ್ಯಾಗು ಅರ್ಧ ತುಂಬಿತ್ತು. ಆ ಹುಡುಗಿ ಅದರ ಮುಂದೆ ಕೂತು, "ದೊಡವ್ವ ಮಾತಾಡಲಾರದ ನಾ ವಿಮಾನ ಹತ್ತಂಗಿಲ್ಲ" ಎಂದು ಹಟ ಹಿಡಿದಿದ್ದಳು.

ದೊಡವ್ವ ಎಂದರೆ ಕಾಶಿಬಾಯಿಯೇ. ರಕ್ತಸಂಬಂಧ ಏನೂ ಇಲ್ಲ. ಅವರದು ಕುರಿ ಕಾಯುವ ಮನೆ, ಇವರದು ಗಾದಿ ಹೊಲಿಯುವ ಮನೆ, ನಡುವೆ ಒಂದು ಬೇವಿನ ಮರ. ಆ ಮರದ ಎಲೆ ಯಾರ ಅಂಗಳದಲ್ಲಿ ಹೆಚ್ಚು ಬೀಳುತ್ತದೆ ಎಂಬುದಕ್ಕೆ ಕಾಶಿಬಾಯಿಯೂ ತರನ್ನುಮಳ ತಾಯಿ ರೋಷನಬಿಯೂ ಆಡಿದ ಜಗಳ ಬೇರೆಯೇ ಇದೆ, ಅದು ಈಗ ಬೇಡ.

ಕಾಶಿಬಾಯಿ ಹೂವಿನ ಹಿಪ್ಪರಗಿಯ ಸರಕಾರಿ ದವಾಖಾನೆಯಲ್ಲಿ ಆಯಾ ಆಗಿದ್ದವಳು. ತರನ್ನುಮ ಇಷ್ಟೇ ಇದ್ದಾಗಿನಿಂದ ಅವಳ ಸೀರೆಯ ಸೆರಗು ಹಿಡಿದು ದವಾಖಾನೆಗೆ ಹೋಗುತ್ತಿದ್ದಳು. ಬಾಯಿ ತೆರೆದರೆ ಪ್ರಶ್ನೆ. ಒಂದು ದಿನ ಕಾಶಿಬಾಯಿ ಹೆರಿಗೆಯ ಸಾಮಾನು ಕುದಿಸಲು ಇಟ್ಟಿದ್ದಳು.

"ದೊಡವ್ವ, ಕತ್ರಿ ಯಾಕ ಕುದಸ್ತಿ? ಅದೇನ ಬ್ಯಾಳಿಯೇನು?"

"ಹೂಂ ಯವ್ವಾ, ಬ್ಯಾಳಿ. ಮೆತ್ತಗಾತಂದ್ರ ಮೊದಲ ನಿನಗ ಬಡಸ್ತೇನಿ."

ಹುಡುಗಿ ಕತ್ತರಿ ಮೆತ್ತಗಾಗುವುದನ್ನು ನೋಡುತ್ತ ಮಧ್ಯಾಹ್ನದವರೆಗೆ ಅಲ್ಲೇ ಕೂತಳಂತೆ. ಅಷ್ಟು ಕುತೂಹಲ ಅವಳಿಗೆ.

ಬಾಗೇವಾಡಿಯಲ್ಲಿ ಕಾಲೇಜು ಮುಗಿದ ಮೇಲೆ ನರ್ಸಿಂಗ್ ಓದಲು ವಿಜಯಪುರಕ್ಕೆ ಹೋಗುತ್ತೇನೆ ಎಂದಳು. ಅವಳ ಅಪ್ಪ ಬಾಬುಲಾಲ ಒಪ್ಪಲಿಲ್ಲ. ಹೆಣ್ಣುಹುಡುಗಿ, ಹಾಸ್ಟೆಲ್ಲು, ರಾತ್ರಿ ಪಾಳಿ, ಏನೇನೋ ಅಂದ. ಆಗ ಕಾಶಿಬಾಯಿ ಏನು ಮಾಡಿದಳು ಗೊತ್ತೇನು? ಸಿಂದಗಿಯ ಒಂದು ಮದುವೆಗೆ ಕೊಡಬೇಕಾದ ಗಾದಿಯನ್ನು ಬಾಬುಲಾಲ ಅಂಗಳದಲ್ಲಿ ಹರವಿಕೊಂಡು ಹೊಲಿಯುತ್ತಿದ್ದ. ಸೀದಾ ಬಂದು ಅದರ ನಟ್ಟನಡುವೆ ಕೂತುಬಿಟ್ಟಳು.

"ನೀ ಹೂಂ ಅನ್ನೂತನಕ ನಾ ಈ ಗಾದಿ ಬಿಟ್ಟ ಏಳಂಗಿಲ್ಲ ನೋಡು, ಬಾಬುಲಾಲ."

"ಏಳವ್ವಾ, ಸಂಜೀಕ ಗಾಡಿ ಬರತೈತಿ."

"ಬರಲಿ. ನನ್ನೂ ಗಾದಿ ಕೂಡ ಹೇರಿ ಸಿಂದಗಿಗೆ ಕಳಸು. ಮದುಮಕ್ಕಳ ನಡುವ ಮಲಗತೇನಿ."

ಬಾಬುಲಾಲ ಸೂಜಿ ಹಿಡಿದುಕೊಂಡು ಅವಳ ಸುತ್ತ ತಿರುಗಿದ. ಗಾಡಿ ಬರುವ ಹೊತ್ತಿಗೆ ಹೂಂ ಎಂದ. ತರನ್ನುಮ ನರ್ಸ್ ಆಗಿದ್ದು ಹಾಗೆ.

ಕಲಿತು ಮುಗಿಸಿ ಮುದ್ದೇಬಿಹಾಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಜೊತೆಗಿದ್ದವಳೊಬ್ಬಳು, ಜರ್ಮನಿಯಲ್ಲಿ ನರ್ಸುಗಳು ಬೇಕಂತೆ, ಭಾಷೆ ಕಲಿತರೆ ಕರೆಸಿಕೊಳ್ಳುತ್ತಾರಂತೆ ಎಂದಳು. ಆ ಗೆಳತಿ ಹೇಳಿ ಮರೆತಳು, ತರನ್ನುಮ ಕೇಳಿ ಮರೆಯಲಿಲ್ಲ. ಬೆಂಗಳೂರಿಗೆ ಹೋಗಿ ಆ ಭಾಷೆ ಕಲಿತು, ಪರೀಕ್ಷೆ ಪಾಸಾಗಿ, ಹೊರಟೇ ಬಿಟ್ಟಳು. ರೋಷನಬಿ ಬ್ಯಾಗಿಗೆ ಕಡಕ ರೊಟ್ಟಿ, ಶೇಂಗಾ ಹಿಂಡಿ, ಇಂಡಿ ತಾಲೂಕಿನ ಲಿಂಬೆಕಾಯಿಯ ಉಪ್ಪಿನಕಾಯಿ ತುಂಬಿದಳು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಬ್ಯಾಗು ತೆರೆಸಿದ ಅಧಿಕಾರಿ ರೊಟ್ಟಿಯನ್ನು ಬೆರಳಿನಿಂದ ಟಕಟಕ ಬಡಿದು ನೋಡಿದನಂತೆ. ಇವಳು ಅವನೆದುರೇ ಒಂದು ಚೂರು ಮುರಿದು ತಿಂದು ತೋರಿಸಿದಳು. ಎದುರಿಗೆ ಮನುಷ್ಯ ನಿಂತಿರುವಾಗ ಒಬ್ಬಳೇ ತಿನ್ನುವುದು ಹೇಗೆ? "ನಿಮಗೂ ಬೇಕೆ?" ಎಂದಳು. ಅವನು ಬೇಡ ಎಂದ. ಮತ್ತೆ ಕೇಳಿದಳು. ಮತ್ತೆ ಬೇಡ ಎಂದ. ಮೂರನೆಯ ಸಲ ಕೇಳಿದಾಗ ಅವನು ಅವಳ ಬ್ಯಾಗು ತಾನೇ ಮುಚ್ಚಿ, ಹೋಗು ಎಂದು ಕೈ ಮಾಡಿದ.

ಇಲ್ಲಿಂದಲೇ ಶುರುವಾಯಿತು ನೋಡು.

ಸಮುದ್ರದ ಹತ್ತಿರದ ಒಂದು ಸಣ್ಣ ಊರು. ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಮನೆಯವರು ಉಳಿಯುವುದಿಲ್ಲ. ಮೈ ತೊಳೆಯುವುದು, ಉಣಿಸುವುದು ಎಲ್ಲ ನರ್ಸುಗಳದೇ ಕೆಲಸ. ಇದನ್ನು ಫೋನಿನಲ್ಲಿ ಕೇಳಿದಾಗ ಕಾಶಿಬಾಯಿಗೆ ನಂಬಿಕೆಯೇ ಬರಲಿಲ್ಲ. "ಮತ್ತ ಗಂಜಿ ಯಾರ ತರ್ತಾರ? ಬಾಗಲದಾಗ ಕುಂತ ಅಳಾವರು ಯಾರು?" ಎಂದಳು. ಅವಳ ಗಂಡ ಅಮಸಿದ್ದನ ಚಿಂತೆಯೇ ಬೇರೆ. ತರನ್ನುಮ ಸಮುದ್ರದ ಏರಿಯ ಮೇಲೆ ಮೇಯುವ ಕುರಿಗಳ ವಿಡಿಯೊ ಕಳಿಸಿದ್ದಳು. ಅಮಸಿದ್ದ ಅದನ್ನು ಎಷ್ಟು ಸಲ ನೋಡಿದನೋ. "ಉಣ್ಣೆ ಚಲೋ ಐತಿ. ಆದ್ರ ಕಾಯಾಂವ ಎಲ್ಲಿ ಅದಾನ?" ಕಾಯುವವರು ಇಲ್ಲ, ತಂತಿಬೇಲಿ ಇದೆ ಎಂದರೆ, "ತಂತಿ ಹ್ಯಾಂಗ ಹೆಸರ ಹಿಡದ ಕರೀತೈತಿ?" ಎಂದು ಬಹಳ ದಿನ ತಲೆ ಕೆಡಿಸಿಕೊಂಡ.

ಕೆಲಸಕ್ಕೆ ಸೇರಿದ ಮೊದಲ ವಾರ ಯಾರದೋ ಹುಟ್ಟುಹಬ್ಬ, ಕೇಕು ತಂದಿದ್ದರು. ತಟ್ಟೆ ತರನ್ನುಮಳ ಮುಂದೆ ಬಂತು. ಹಸಿವೆಯಿಂದ ಹೊಟ್ಟೆ ಕೂಗುತ್ತಿತ್ತು. ಆದರೂ ಒಳ್ಳೆಯ ಮನೆಯ ಹುಡುಗಿ, ನಕ್ಕು ಬೇಡ ಎಂದಳು. ತಟ್ಟೆ ಮುಂದಿನವಳ ಹತ್ತಿರ ಹೋಯಿತು. ತಿರುಗಿ ಬರುತ್ತದೆ ಎಂದು ಕಾದಳು. ಬರಲಿಲ್ಲ. ಬಾಗೇವಾಡಿ ಸ್ಟ್ಯಾಂಡಿನಲ್ಲಿ ಕಡೆಯ ಬಸ್ಸು ಹೋಗುವುದನ್ನು ನೋಡಿದ ಹಾಗೆ ಆ ಕೇಕನ್ನು ನೋಡುತ್ತ ನಿಂತಳು.

ಆಮೇಲೆ ಹಾನ್ಸೆನ್ ಎಂಬ ಮುದುಕ. ಹಡಗಿನ ಇಂಜಿನ್ ಕೋಣೆಯಲ್ಲಿ ಜೀವನವೆಲ್ಲ ದುಡಿದವನು, ಕಾಲು ಮುರಿದು ಮಲಗಿದ್ದ. ಅವನಿಗೆ ಚಹಾ ಬೇಕೆ ಎಂದು ಕೇಳಿದಳು. ಬೇಡ ಎಂದ. ಪಾಪ, ಸಂಕೋಚ ಎಂದುಕೊಂಡು ಮತ್ತೆ ಕೇಳಿದಳು, ಮತ್ತೊಮ್ಮೆ ಕೇಳಿದಳು, ಕಪ್ಪು ತಂದು ಕೈಯಲ್ಲೇ ಇಟ್ಟಳು. ಮುದುಕ ಕಪ್ಪನ್ನು ಪಕ್ಕಕ್ಕಿಟ್ಟು, "ಈ ಹುಡುಗಿಯ ಲೆಕ್ಕದಲ್ಲಿ ನನ್ನ ಮಾತಿಗೆ ಬೆಲೆಯೇ ಇಲ್ಲ" ಎಂದು ಹಿರಿಯ ನರ್ಸ್ ಮೋನಿಕಾಗೆ ದೂರಿದ. ಮೋನಿಕಾ ಸಿಟ್ಟು ಮಾಡಲಿಲ್ಲ. ಪಕ್ಕಕ್ಕೆ ಕರೆದು ತಿಳಿಸಿ ಹೇಳಿದಳು: ಹಾಸಿಗೆ ಹಿಡಿದವನ ಕೈಯಲ್ಲಿ ಇನ್ನೇನೂ ಉಳಿದಿರುವುದಿಲ್ಲ, ಬೇಡ ಅನ್ನುವುದೊಂದೇ ಉಳಿದಿರುತ್ತದೆ. ಅದನ್ನೂ ಕಸಿದುಕೊಳ್ಳಬೇಡ.

ಈ ಮಾತು ತರನ್ನುಮಳಿಗೆ ನಾಟಿತು. ಮಾರನೆಯ ದಿನದಿಂದ ಒಂದೇ ಸಲ ಕೇಳುವುದನ್ನು ರೂಢಿ ಮಾಡಿಕೊಂಡಳು. ಮೊದಮೊದಲು ಎರಡನೆಯ ಪ್ರಶ್ನೆ ಗಂಟಲಿಗೆ ಬಂದು ನಿಲ್ಲುತ್ತಿತ್ತು, ನುಂಗುತ್ತಿದ್ದಳು. ಬರಬರುತ್ತ ಬರುವುದೇ ನಿಂತಿತು. ಬೇಕಿದ್ದರೆ ಬೇಕು ಎನ್ನಲೂ ಕಲಿತಳು.

ಎರಡು ವರ್ಷಕ್ಕೆ ರಜೆ ಸಿಕ್ಕು ಊರಿಗೆ ಬಂದಳು. ಬಂದ ಮರುದಿನ ಬೆಳಿಗ್ಗೆ ರೋಷನಬಿ ಗಿರಣಿಗೆ ಹೋಗಿದ್ದಳು, ಮನೆಯಲ್ಲಿ ಇವಳೊಬ್ಬಳೇ. ಕಾಶಿಬಾಯಿ ಬಂದಳು. ಹೊಸ ಸೀರೆ ಉಟ್ಟಿದ್ದಳು. ಮಗಳ ಕೈಯ ಚಹಾ ಕುಡಿಯಬೇಕೆಂದು ತನ್ನ ಮನೆಯಲ್ಲಿ ಬೇಕೆಂದೇ ಕುಡಿಯದೆ ಬಂದಿದ್ದಳು. ಮೈದಡವಿ, ದೃಷ್ಟಿ ತಾಗದಿರಲೆಂದು ನೆಟಿಗೆ ತೆಗೆದು ಕೂತಳು.

"ದೊಡವ್ವ, ಚಾ ಮಾಡ್ಲೇನು?"

"ಬ್ಯಾಡ ಬಿಡವ್ವಾ, ಈಗರ ಕುಡದ ಬಂದೇನಿ."

"ಹೌದಾ? ಆತು ಬಿಡು" ಎಂದು ತರನ್ನುಮ ಎದುರಿಗೇ ಕೂತು, ಅಲ್ಲಿಯ ಹಿಮದ ಸುದ್ದಿ ಹೇಳಲು ಶುರು ಮಾಡಿದಳು.

ಕಾಶಿಬಾಯಿ ಒಲೆಯ ಕಡೆ ನೋಡಿದಳು. ಕೆಮ್ಮಿದಳು. ಬಿಸಿಲು ಬಹಳ ಎಂದಳು. ಹಿಮದ ಸುದ್ದಿ ಮುಗಿಯಲೇ ಇಲ್ಲ. ಬರುತ್ತೇನೆ ಎಂದು ಎದ್ದು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಅಲ್ಲಾದರೂ ಸೆರಗು ಹಿಡಿದು ಜಗ್ಗಿ ಕೂರಿಸುತ್ತಾಳೆ ಎಂದು. ತರನ್ನುಮ ನಗುತ್ತ ಕೈ ಬೀಸಿದಳು.

ನಿನಗೆ ಒಂದು ಮಾತು ಹೇಳಬೇಕು. ಹಿಂದೆ ಈ ಓಣಿಯಲ್ಲಿ ಬಾಬುಲಾಲನ ಮನೆಯ ಕಪ್ಪು ಮುಟ್ಟದವರು ಇದ್ದರು. ಅಂಥ ಕಾಲದಲ್ಲೂ ಕಾಶಿಬಾಯಿ ಹೊಸ್ತಿಲ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು, ಬಸಿಯಲ್ಲಿ ಸುರಿದು ಸುರ್ ಎಂದು ಸದ್ದು ಮಾಡಿ ಕುಡಿದವಳು. ಅಂಥವಳು ಅದೇ ಮನೆಯಿಂದ ಒಣ ಗಂಟಲಲ್ಲಿ ಎದ್ದು ಹೋದಳು.

ತರನ್ನುಮಳಿಗೆ ಇದು ಗೊತ್ತೇ ಆಗಲಿಲ್ಲ. ಸಿಂದಗಿಗೆ ಸೋದರಮಾವನ ಮನೆಗೆ ಹೋದಳು, ಎರಡು ಮದುವೆ ಉಂಡಳು. "ದೊಡವ್ವ ಯಾಕ ಬರವಲ್ಲಳು?" ಎಂದರೆ ಕೆಲಸ ಇರಬೇಕು ಎಂದರು. ಕಡೆಗೆ ರೋಷನಬಿ ಗಿರಣಿಯಿಂದ ಹಿಟ್ಟಿನ ಜೊತೆ ಸುದ್ದಿಯನ್ನೂ ಹೊತ್ತು ತಂದಳು. ಬುಟ್ಟಿ ಇಳಿಸುವ ಮೊದಲೇ ಕೂಗಿದಳು.

"ಏ ಹುಡುಗಿ, ಕಾಶಿಬಾಯಿಗೆ ಚಾ ಕೊಡಲಿಲ್ಲಂತ?"

"ಕೇಳೇನಮ್ಮಾ. ಬ್ಯಾಡ ಅಂದ್ಲು."

"ಎಷ್ಟ ಸಲ ಕೇಳಿದಿ?"

"ಒಂದ ಸಲ."

ರೋಷನಬಿ ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡಳು. "ಒಂದ ಸಲ ಕೇಳೂದು ಕೇಳೂದೇನ? ಅದು ಬಾಗಲಾ ಮುಚ್ಚಿಧಂಗ! 'ಜರ್ಮನಿ ನೋಡಿ ಬಂದಾವರಿಗೆ ನಮ್ಮ ಬಾಯಿಗೆ ಚಾ ಹಚ್ಚಾಕ ಮನಸ ಬರವಲ್ಲದು' ಅಂತ ಗಿರಣಿ ತುಂಬ ಹೇಳ್ಯಾಳ."

ಆಗ ತರನ್ನುಮ ಬ್ಯಾಗಿನ ಮುಂದೆ ಕೂತವಳು, ಹಟ ಹಿಡಿದವಳು. ಕತ್ತರಿ ಕುದಿಸಿ ತೋರಿಸಿದ ಕೈ ಅದು, ಗಾದಿಯ ಮೇಲೆ ಕೂತು ದಾರಿ ಬಿಡಿಸಿದ ಜೀವ ಅದು. ಅವಳನ್ನು ಹೀಗೆ ಬಿಟ್ಟು ಹೇಗೆ ಹೋಗುವುದು? ಬೆಳಿಗ್ಗೆ ಎದ್ದು, ಮನೆಯಲ್ಲಿ ಚಹಾ ಮುಟ್ಟದೆ, ಬೇವಿನ ಮರ ದಾಟಿ ಹೋದಳು.

ಅಮಸಿದ್ದ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದ. ಕಾಶಿಬಾಯಿ ಒಳಗಿನಿಂದಲೇ ನೋಡಿದಳು.

"ಬರ್ರಿ ನರ್ಸಬಾಯಾರ. ಏ, ಅವರಿಗೆ ಕುರ್ಚಿ ಹಾಕ್ರಿ. ನೆಲದ ಮ್ಯಾಲ ಕುಂತು ರೂಢಿ ತಪ್ಪಿರಬೇಕು."

ಹುಟ್ಟಿದಾಗಿನಿಂದ ನೀನು ತಾನು ಎಂದವಳು ಈಗ 'ರಿ' ಹಚ್ಚಿ ಮಾತಾಡಿದರೆ ಎಷ್ಟು ಚುಚ್ಚುತ್ತದೆ ಹೇಳು. ತರನ್ನುಮ ಕುರ್ಚಿ ಬಿಟ್ಟು ನೆಲದ ಮೇಲೇ ಕೂತಳು.

"ಚಾ ಮಾಡ್ಲೇನ್ರಿ?"

ಎಷ್ಟಾದರೂ ರೋಷನಬಿಯ ಮಗಳು. ಈ ಊರಿನ ನೆಲ ಕಾಲಿಗೆ ತಾಗುತ್ತಲೇ ಹಳೆಯ ರೂಢಿ ಬಾಯಿಗೆ ಬಂತು. "ಬ್ಯಾಡ ದೊಡವ್ವ, ಈಗರ ಕುಡದ ಬಂದೇನಿ."

"ಹೌದೇನ್ರಿ? ಆತು ಬಿಡ್ರಿ" ಎಂದು ಕಾಶಿಬಾಯಿ ಎದುರಿಗೆ ಕೂತು ಅವರೆಕಾಯಿ ಸುಲಿಯತೊಡಗಿದಳು.

ಅಮಸಿದ್ದ ಉಣ್ಣೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕ. ತರನ್ನುಮ ಒಲೆಯ ಕಡೆ ನೋಡಿದಳು. ಗಂಟಲು ಒಣಗಿತ್ತು. ಕೆಮ್ಮಿದಳು. ಕೆಮ್ಮಿದ ಮೇಲೆ, ಅಂದು ದೊಡವ್ವ ಕೆಮ್ಮಿದ್ದು ನೆನಪಾಯಿತು. ಬಾಗಿಲಲ್ಲಿ ನಿಂತಿದ್ದೂ ನೆನಪಾಯಿತು. ಕಣ್ಣಲ್ಲಿ ನೀರು ಬಂತು, ನಗುವೂ ಬಂತು.

"ದೊಡವ್ವ, ಇನ್ನೊಮ್ಮೆ ಕೇಳು."

"ಯಾಕ್ರಿ? ಬ್ಯಾಡ ಅಂದ್ರೆಲ್ಲ."

ಆಗ ಅವಳು ಹಾನ್ಸೆನ್ ಮುದುಕನ ಕಥೆ ಹೇಳಿದಳು. ಕೇಕಿನ ಕಥೆಯನ್ನೂ ಹೇಳಿದಳು. ಮೊದಲು ಕಾಶಿಬಾಯಿ ಕಾಯಿ ಸುಲಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಸಿಟ್ಟಿಗಿಂತ ಕುತೂಹಲ ದೊಡ್ಡದು ಅವಳಿಗೆ. ಈ ಹುಡುಗಿಗೆ ಆ ಗುಣ ಬಂದಿದ್ದೇ ಅಲ್ಲಿಂದ.

"ಅಂದ್ರ, ಒಮ್ಮೆ ಬ್ಯಾಡ ಅಂದ್ರ ಮುಗೀತು? ಮತ್ತ ಕೇಳಂಗಿಲ್ಲ?"

"ಕೇಳಂಗಿಲ್ಲ."

"ಮತ್ತ ಹಸದ ಮನಶ್ಯಾ ಏನ ಮಾಡಬೇಕು?"

"ಹೂಂ ಅನಬೇಕು."

"ಮೊದಲನೇ ಸಲಕ್ಕ? ನಾಚಿಕಿ ಬರೂದಿಲ್ಲೇನ ಅವಕ್ಕ?" ಎಂದು ಗಲ್ಲಕ್ಕೆ ಬೆರಳಿಟ್ಟಳು. "ಪಾಪ, ಅವರನ್ನ ಯಾರೂ ಜಗ್ಗಿ ಕುಂಡರಿಸೂದೇ ಇಲ್ಲ ಅನ್ನು."

ಆಮೇಲೆ ಅವಳಿಗೆ ಹಳೆಯದೊಂದು ನೆನಪಾಯಿತು. ದವಾಖಾನೆಯಲ್ಲಿ ಒಬ್ಬ ಬಾಣಂತಿಗೆ, ದುಂಡೇಶನ ಹೆಂಡತಿ ಸುಜಾತಾಗೆ, ಬೇಡ ಬೇಡ ಎಂದರೂ ಬಿಡದೆ ತುಪ್ಪದ ಅನ್ನ ಉಣಿಸಿದ್ದಳು. ಅವಳು ಎಲ್ಲವನ್ನೂ ಕಾರಿಕೊಂಡಿದ್ದಳು. "ಅಕಿ ಖರೇನ ಬ್ಯಾಡ ಅಂದಿದ್ಲೋ ಏನೋ. ನಾ ಸಂಕೋಚ ಅಂತ ತಿಳದೆ" ಎಂದಳು. ಎದ್ದು ಒಲೆ ಹಚ್ಚಿದಳು.

"ನೋಡ ಯವ್ವಾ, ಅಲ್ಲಿ ಒಮ್ಮೆ ಕೇಳು, ಅವರ ಮಾತಿಗೆ ಬೆಲಿ ಕೊಡು. ಬಾಗೇವಾಡಿ ದಾಟಿ ಈ ಕಡೆ ಬಂದಿ ಅಂದ್ರ ಮೂರ ಸಲ. ತಿಳೀತಿಲ್ಲೋ? ಈಗ ಹೇಳು, ಚಾ ಕುಡೀತಿಯೇನು?"

"ಬ್ಯಾಡ ದೊಡವ್ವ."

"ಕುಡಿಯ ನಮ್ಮವ್ವಾ!"

'ರಿ' ಹೋಗಿತ್ತು. ತರನ್ನುಮ ಎರಡು ಕಪ್ಪು ಕುಡಿದಳು.

ಹೊರಡುವ ದಿನ ಬಸ್ಸಿನ ಹತ್ತಿರ ಕಾಶಿಬಾಯಿ ಡಬ್ಬಿ ತುಂಬ ಕಡಕ ರೊಟ್ಟಿ ಹಿಡಿದುಕೊಂಡು ಬಂದಳು. "ಒಂದೀಟು ರೊಟ್ಟಿ ಬಡದೇನಿ, ಒಯ್ತಿಯೇನು?"

"ಹೂಂ ದೊಡವ್ವ, ಕೊಡು."

ಕಾಶಿಬಾಯಿಯ ಕೈ ಅಲ್ಲೇ ನಿಂತಿತು. "ಅಯ್ಯ ಇಕಿ! ಮೊದಲನೇ ಸಲಕ್ಕ ಹೂಂ ಅಂದ್ಲಲ್ಲೋ! ತಡಿ, ನಾ ಇನ್ನೂ ಎರಡ ಸಲ ಕೇಳೂದೈತಿ." ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಅವಳು ಎರಡೂ ಸಲ ಕೇಳಿಯೇ ಕೊಟ್ಟಳು.

ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ತುಂಬಿದರು, ಬಸ್ಸಿನ ತನಕ ಹೋಗಿದ್ದ ನನ್ನ ಕೈಯಲ್ಲೇ ಡಬ್ಬಿ ಉಳಿಯಿತು. ಅಗೋ, ಆ ಗೋಡೆಯ ಮಾಡದಲ್ಲಿದೆ ನೋಡು. ಅದನ್ನು ಕಾಶಿಬಾಯಿಗೆ ಕೊಟ್ಟು ಬಾ. ಖಾಲಿ ಒಯ್ಯಬೇಡ, ನಾಲ್ಕು ಹೆಂಟೆ ಬೆಲ್ಲ ಹಾಕು. ಚಹಾ ಕುಡಿಯುತ್ತೀಯಾ ಎಂದು ಕೇಳುತ್ತಾಳೆ. ಎರಡು ಸಲ ಬೇಡ ಅನ್ನು. ಮೂರನೆಯ ಸಲ ಕೇಳದಿದ್ದರೆ ಅಲ್ಲೇನೂ ಅನ್ನಬೇಡ, ಸೀದಾ ಬಂದು ನನಗೆ ಹೇಳು.